ಹೊಳೆ ದಾಟಿದ ದಂಡು

ಮೊದಲ ಬಸಿರು ಐದನೇ ತಿಂಗಳಲ್ಲಿ ಇಳಿದುಹೋಗಿತ್ತು. ಎರಡನೆಯದು ನಿಂತಾಗ ವಿಜಾಪುರದ ಡಾಕ್ಟರಮ್ಮ ಕನ್ನಡಕದ ಮೇಲಿಂದ ನೋಡಿ, "ಹೆರಿಗಿ ಆಗೋತನಕ ಹಾಸಿಗಿ ಬಿಟ್ಟು ಏಳಂಗಿಲ್ಲ" ಎಂದರು. ತವರಿಗೆ ಹೋಗಿ ಹೆರುವುದು ಪದ್ಧತಿ. ಆದರೆ ನನ್ನ ತವರು ಇಂಡಿ, ಡಾಕ್ಟರಮ್ಮ ಆ ಕಾಲದ ಇಂಡಿ ರಸ್ತೆ ನೋಡಿದವರು. ಅದೂ ಬೇಡವೆಂದರು. ಸಿಂದಗಿಯ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುತ್ತಿದ್ದವಳು ರಜೆ ಹಾಕಿ, ಬಸವನ ಬಾಗೇವಾಡಿಯ ಗಂಡನ ಮನೆಯಲ್ಲಿ ಮಲಗಿದೆ. ಮಲಗುವುದು ಸುಖವೆಂದು ತಿಳಿದವರು ಒಂದು ವಾರ ಮಲಗಿ ನೋಡಬೇಕು.

ನನಗೊಂದು ಹುಚ್ಚಿತ್ತು, ಯುದ್ಧದ ಇತಿಹಾಸದ್ದು. ನಾನು ಕಲಿಸುವ ಪಠ್ಯದಲ್ಲಿ "ಘೋರ ಯುದ್ಧ ನಡೆಯಿತು" ಎಂದು ಒಂದು ಸಾಲು ಇರುತ್ತಿತ್ತು. ಯಾರು ಯಾವ ಕಡೆಯಿಂದ ಬಂದರು, ಕುದುರೆಗೆ ಮೇವು ಎಲ್ಲಿಯದು, ಒಂದೂ ಹೇಳುತ್ತಿರಲಿಲ್ಲ. ಓದುವವರಿಗೆ ಅದು ಬೇಡವೆಂದು ಬರೆದವರೇ ತೀರ್ಮಾನಿಸಿಬಿಟ್ಟಿದ್ದರು. ನನ್ನ ಗಂಡ ಬಸ್ ಸ್ಟ್ಯಾಂಡಿನ ಹತ್ತಿರದ ಇಂಟರ್‌ನೆಟ್ ಅಂಗಡಿಯಿಂದ ಸುದ್ದಿ ತಂದರು. ಕಾಪಿರೈಟ್ ಹಕ್ಕು ಮುಗಿದ ಹಳೆಯ ಇಂಗ್ಲಿಷ್ ಪುಸ್ತಕಗಳು ಅಲ್ಲಿ ಪುಕ್ಕಟೆ ಸಿಗುತ್ತವಂತೆ, ಇಳಿಸಿಕೊಂಡರೆ ಆಯಿತಂತೆ. ಬೇರೆ ಗಂಡಂದಿರು ಬಸುರಿಗೆ ಮಾವಿನಕಾಯಿ ತರುತ್ತಾರೆ. ನಮ್ಮವರು ಒಂದು ಸಿ.ಡಿ. ತುಂಬ ಮುತ್ತಿಗೆ, ದಂಡಯಾತ್ರೆ ತಂದರು. ಮನೆಯ ಕಂಪ್ಯೂಟರ್ ನನ್ನ ಮಂಚದ ಪಕ್ಕಕ್ಕೆ ಬಂತು.

ನೋಡಲು ಬಂದ ಹೆಂಗಸರೆಲ್ಲ ಬಾಯಿ ಮೇಲೆ ಕೈ ಇಟ್ಟುಕೊಂಡರು. "ಹೊಟ್ಟೀಲೆ ಇರೂ ಹೆಣ್ಮಗಳು ಹೊಡದಾಟ ಓದಬಾರದ್ರಿ" ಎಂದಳು ಒಬ್ಬಳು. ಅತ್ತೆ ಜೋಳ ಹಸನು ಮಾಡುತ್ತಿದ್ದವರು ಮೊರದಿಂದ ತಲೆ ಎತ್ತಲಿಲ್ಲ.

"ಓದಲಿ ಬಿಡ್ರಿ. ಆದ್ರ ಅರ್ಧಕ್ಕ ಬಿಡಬಾರದು."

ಅವರ ಲೆಕ್ಕ ಸರಳವಾಗಿತ್ತು. ತಾಯಿಯ ಹೊಟ್ಟೆಯಲ್ಲಿ ಮಲಗಿ ವ್ಯೂಹದೊಳಗೆ ನುಗ್ಗುವುದನ್ನು ಕೇಳಿಸಿಕೊಂಡ ಮಗನ ಕಥೆ ಎಲ್ಲರಿಗೂ ಗೊತ್ತು. ಹೊರಗೆ ಬರುವುದನ್ನು ಹೇಳುವ ಹೊತ್ತಿಗೆ ತಾಯಿಗೆ ನಿದ್ದೆ ಬಂತು, ಮಗ ಒಳಗೇ ಸತ್ತ. ತಪ್ಪು ಯುದ್ಧದ್ದಲ್ಲ, ನಿದ್ದೆಯದು. ಹಾಗಾಗಿ ನಮ್ಮ ಮನೆಯಲ್ಲಿ ಕಟ್ಟಳೆಯಾಯಿತು: ಒಳಗೆ ಹೋದ ದಂಡು ಹೊರಗೆ ಬರುವವರೆಗೆ ನಾನು ಕಣ್ಣು ಮುಚ್ಚುವಂತಿಲ್ಲ. ಕೂಸಿಗೆ ಇಂಗ್ಲಿಷ್ ತಿಳಿಯದ ಕಾರಣ ಎಲ್ಲವನ್ನೂ ಕನ್ನಡದಲ್ಲಿ ಗಟ್ಟಿಯಾಗಿ ಹೇಳಬೇಕು. ರೆಪ್ಪೆ ಕೂಡಿದರೆ ಅತ್ತೆ ನನ್ನ ಭುಜ ಅಲುಗಾಡಿಸುತ್ತಿದ್ದರು.

"ಮಲಗಬ್ಯಾಡ ಯವ್ವಾ, ದಂಡು ಇನ್ನೂ ಒಳಗೈತಿ."

ನಗು ಬರುತ್ತಿತ್ತು, ಆದರೂ ಹೇಳುತ್ತಿದ್ದೆ. ನನಗೆ ಹೆದರಿಕೆ ಇತ್ತು. ಅವರಿಗೂ ಇತ್ತು. ಹೋದ ಸಲದ ಮಾತನ್ನು ನಾವಿಬ್ಬರೂ ಎತ್ತುತ್ತಿರಲಿಲ್ಲ, ಅದರ ಬದಲು ಸೈನ್ಯದ ಮಾತು ಆಡುತ್ತಿದ್ದೆವು. ಐದನೇ ತಿಂಗಳು ದಾಟಿದ ದಿನ ಅತ್ತೆ ಹೋಳಿಗೆ ಮಾಡಿದರು.

ಏಳನೇ ತಿಂಗಳಲ್ಲಿ ಕೈಗೆ ಬಂದ ಪುಸ್ತಕದಲ್ಲಿ ಯಾವುದೋ ದೂರ ದೇಶದ ದಂಡು ಸಿಕ್ಕಿಹಾಕಿಕೊಂಡಿತು. ಬೆನ್ನಿಗೆ ಹೊಳೆ, ಉಳಿದ ಮೂರೂ ಕಡೆ ಶತ್ರು. ದಂಡನಾಯಕ ಡೇರೆಯಿಂದ ಹೊರಗೆ ಬಂದು ಹೊಳೆಯ ಕಡೆ ನೋಡಿ... ಅಷ್ಟೇ. ವಾಕ್ಯದ ನಡುವೆ ಪುಸ್ತಕ ನಿಂತುಹೋಗಿತ್ತು. ಇಳಿಸಿಕೊಳ್ಳುವಾಗ ಕರೆಂಟು ಹೋಗಿತ್ತೆಂದೂ, ಬಂದಷ್ಟನ್ನೇ ಸಿ.ಡಿ.ಗೆ ಹಾಕಿಸಿಕೊಂಡು ಬಂದೆನೆಂದೂ ಗಂಡ ನಿಧಾನಕ್ಕೆ ಒಪ್ಪಿಕೊಂಡರು.

"ಉಳಿದದ್ದ ತಗೊಂಡ ಬಾ" ಎಂದರು ಅತ್ತೆ. ಸಂತೆಯಲ್ಲಿ ಬೆಲ್ಲ ಮರೆತು ಬಂದ ಮಗನಿಗೆ ಹೇಳುವ ದನಿಯಲ್ಲೇ.

ಬಾಗೇವಾಡಿಯ ಅಂಗಡಿಯಲ್ಲಿ ಫೋನ್ ಲೈನು ಸತ್ತಿತ್ತು. ಗಂಡ ಗುಮಾಸ್ತರಾಗಿದ್ದ ಮುದ್ದೇಬಿಹಾಳದಲ್ಲಿ ಲೈನು ಜೀವಂತವಿತ್ತು, ಸಿ.ಡಿ. ಬರೆಯುವ ಯಂತ್ರ ಕೆಟ್ಟಿತ್ತು. ಈ ದಂಡು ಹೊರಬೀಳದೆ ಬೇರೆ ಪುಸ್ತಕ ತೆರೆಯಲು ಅತ್ತೆ ಒಪ್ಪಲಿಲ್ಲ. ನಾನು ಮತ್ತೆ ಮಲಗಿದಲ್ಲೇ ಮಾಳಿಗೆಯ ಜಂತಿ ಎಣಿಸತೊಡಗಿದೆ.

ಎಂಟನೇ ತಿಂಗಳ ಒಂದು ಮಧ್ಯಾಹ್ನ ನೋವು ಶುರುವಾಯಿತು. ಆಗಬಾರದ ಹೊತ್ತು. ಬಾಡಿಗೆ ಜೀಪಿನಲ್ಲಿ ವಿಜಾಪುರಕ್ಕೆ ಹೊರಟೆವು. ಗಂಡ ಡ್ರೈವರನ ಪಕ್ಕದಲ್ಲಿ ಕಲ್ಲಾಗಿ ಕುಳಿತಿದ್ದರು. ನಾನು ಹಿಂದೆ ಅತ್ತೆಯ ತೊಡೆಯ ಮೇಲೆ ತಲೆ ಇಟ್ಟಿದ್ದೆ.

"ಅತ್ತಿ, ಇದೂ ಹೋಗತೈತೇನ್ರಿ?"

ಅವರು ನನ್ನ ಹೊಟ್ಟೆಯ ಮೇಲೆ ಕೈ ಇಟ್ಟು, ಹೊಳೆಯ ಆಚೆ ದಡದವರನ್ನು ಕರೆಯುವಷ್ಟು ಗಟ್ಟಿಯಾಗಿ ಹೊಟ್ಟೆಗೇ ಹೇಳತೊಡಗಿದರು. ಅವರು ಕೃಷ್ಣೆಯ ದಂಡೆಯ ತಂಗಡಗಿಯ ಮಗಳು.

"ಕೇಳ ಇಲ್ಲಿ. ಆ ದಂಡಿನಾಗ ತಂಗಡಗಿಯಾವ ಒಬ್ಬ ಇದ್ದ. ನೀರು ಎಲ್ಲಿ ಸಪ್ಪಳ ಮಾಡತೈತಿ, ಅಲ್ಲಿ ಆಳ ಇರಂಗಿಲ್ಲ ಅಂದ. ಎಲ್ಲಾರೂ ಸಪ್ಪಳ ಹಿಡದು ಹೊಂಟ್ರು. ಮುಂದ ಎಮ್ಮಿ ಬಿಟ್ರು. ದಂಡನಾಯಕ ಎಮ್ಮಿ ಬಾಲ ಹಿಡಕೊಂಡ."

"ಯಾರ್ರಿ ಅವರು?" ಎಂದು ಡ್ರೈವರ್ ತಿರುಗಿದ.

"ನೀ ರಸ್ತಾ ನೋಡಿ ಹೊಡಿ. ...ಒಬ್ಬರನ್ನೂ ಬಿಟ್ಟು ಬರಲಿಲ್ಲ. ಆಚಿ ಕಡೆ ಹತ್ತಿ ಅರಿವಿ ಹಿಂಡಿ ಒಣಾ ಹಾಕಿದ್ರು. ನೀನೂ ಹಂಗ ಬಾ. ಗಡಬಡಿ ಮಾಡಬ್ಯಾಡ, ಸಪ್ಪಳ ಕೇಳಕೋತ ಬಾ."

ಆಸ್ಪತ್ರೆ ಬರುವವರೆಗೆ ಆ ದಂಡು ಎಷ್ಟು ಸಲ ಹೊಳೆ ದಾಟಿತೋ ಗೊತ್ತಿಲ್ಲ. ಪ್ರತಿ ಸಲವೂ ಎಮ್ಮೆ ಮುಂದಿತ್ತು.

ಮಗಳು ಹುಟ್ಟಿದಳು. ಅಂಗೈಯಷ್ಟು ಕೂಸು. ಬಹಳ ದಿನ ಗಾಜಿನ ಪೆಟ್ಟಿಗೆಯಲ್ಲಿಟ್ಟರು, ಅದರಿಂದಲೂ ಹೊರಗೆ ಬಂದಳು. ನಾನು ಅತ್ತಷ್ಟು ಆ ಆಸ್ಪತ್ರೆಯಲ್ಲಿ ಇನ್ಯಾರೂ ಅತ್ತಿರಲಿಕ್ಕಿಲ್ಲ.

ಮನೆಗೆ ಬಂದ ಮೇಲೆ ಗಂಡ ಪುಸ್ತಕದ ಉಳಿದ ಭಾಗ ತಂದರು. ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಓದಿದೆ. ದಂಡು ಹೊರಗೆ ಬಂದಿರಲಿಲ್ಲ. ಹೊಳೆ ತುಂಬಿ ಹರಿಯುತ್ತಿತ್ತು, ಇಳಿದವರು ಮೇಲೆ ಏಳಲಿಲ್ಲ. ಲೇಖಕರು ಮುಂದಿನ ಇಡೀ ಅಧ್ಯಾಯವನ್ನು ತಪ್ಪು ಯಾರದೆಂದು ಹುಡುಕಲು ಬಳಸಿದ್ದರು.

ಕೂಸಿಗೆ ಎರೆಯಲು ನೀರು ಕಾಯಿಸುತ್ತಿದ್ದ ಅತ್ತೆ ಬಚ್ಚಲಿನಿಂದಲೇ ಕೇಳಿದರು.

"ಏನಂತ ಬರದಾನ ಅದರಾಗ?"

"ನೀವು ಹೇಳಿದಂಗ ಐತ್ರಿ ಅತ್ತಿ."

ಒಲೆಗೆ ಒಂದು ಕಟ್ಟಿಗೆ ದೂಡಿದ ಸಪ್ಪಳ ಬಂತು.

"ಎಮ್ಮಿ?"

"ಎಮ್ಮಿನೂ ಅದಾವ್ರಿ."

ಕಂಪ್ಯೂಟರ್ ಆರಿಸಿ, ಕೂಸನ್ನು ಎತ್ತಿಕೊಂಡು ಹೋಗಿ ಅವರ ಕೈಗೆ ಕೊಟ್ಟೆ.