ಲಾಂಡ್ರಿಯ ಆಯುಸ್ಸು ಬರೆಯುವಾಕೆ

ಬೆಳಗಿನ ಐದೂಕಾಲು. ಲಾಂಡ್ರಿಯ ಯಂತ್ರಗಳಿಗೆ ಇನ್ನೂ ಎಚ್ಚರವಾಗಿಲ್ಲ. ಇಲ್ಲಿನ ಲೆಕ್ಕ ಬರೆಯುವ, ಎಲ್ಲರೂ ‘ಲೆಕ್ಕದಕ್ಕ’ ಎಂದೇ ಕರೆಯುವ ಹೆಂಗಸು ಮಾತ್ರ ಕನ್ನಡಕವನ್ನು ಮೂಗಿನ ತುದಿಗಿಳಿಸಿ, ಒಗೆಯುವ ಬಟ್ಟೆಯ ಮೂಟೆಯನ್ನೇ ಮೇಜು ಮಾಡಿಕೊಂಡು ಕೂತಿದ್ದಾರೆ. ಪೆಟ್ಟಿಗೆಯಲ್ಲಿರುವ ಹಣ, ಬ್ಯಾಂಕಿನಲ್ಲಿರುವ ಹಣ ಎರಡನ್ನೂ ಕೂಡಿಸುತ್ತಾರೆ. ಸೋಪು, ಕರೆಂಟು, ಬಾಡಿಗೆ, ಸಂಬಳ ಸೇರಿ ದಿನವೊಂದಕ್ಕೆ ತಗಲುವ ಖರ್ಚಿನಿಂದ ಭಾಗಿಸುತ್ತಾರೆ. ಬಂದ ಉತ್ತರವನ್ನು ಬಾಗಿಲ ಪಕ್ಕದ ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ದಪ್ಪಗೆ ಬರೆಯುತ್ತಾರೆ: ೩೧.

ಇವತ್ತಿನಿಂದ ಒಂದು ಕಾಸೂ ಬರದಿದ್ದರೆ ಲಾಂಡ್ರಿ ಬದುಕುವುದು ಮೂವತ್ತೊಂದು ದಿನ ಎಂದರ್ಥ. ಆರು ಗಂಟೆಗೆ ಬರುವ ಹನ್ನೊಂದು ಮಂದಿ ಕೆಲಸಗಾರರು ಬುತ್ತಿ ಕೆಳಗಿಡುವ ಮೊದಲು ನೋಡುವುದು ಇದನ್ನೇ.

ಇಪ್ಪತ್ತೆರಡು ವರ್ಷದ ಹಿಂದೆ ಇವರು ಸೇರಿದ್ದು ಬಟ್ಟೆ ಮಡಚುವ ಕೆಲಸಕ್ಕೆ. ಓದಿದ್ದು ಎಂಟನೇ ತರಗತಿ. ಹಳೆಯ ಗುಮಾಸ್ತ ಹೇಳದೆ ಕೇಳದೆ ಕೆಲಸ ಬಿಟ್ಟಾಗ, ‘ಅಂಕಿ ದುಂಡಗೆ ಬರೀತಾಳೆ’ ಎಂಬ ಒಂದೇ ಅರ್ಹತೆಯ ಮೇಲೆ ಮಾಲೀಕರು ಲೆಕ್ಕದ ಪುಸ್ತಕ ಕೈಗಿತ್ತರು. ಆ ವರ್ಷ ಪುಸ್ತಕದಲ್ಲಿ ಭರ್ಜರಿ ಲಾಭ, ಪೆಟ್ಟಿಗೆಯಲ್ಲಿ ಬರೀ ಗಾಳಿ. ಹೋಟೆಲಿನವರು ದುಡ್ಡು ಕೊಡುವುದು ಮೂರು ತಿಂಗಳಿಗೆ. ಸೋಪಿನವನು ಮೂರು ದಿನವೂ ಕಾಯುವುದಿಲ್ಲ.

“ಲಾಭ ಅಂದ್ರೆ ಬರಬೇಕಾದ್ದು. ಬರಬೇಕಾದ್ದನ್ನ ಸಂಬಳದ ಕವರಿಗೆ ಹಾಕಕ್ಕಾಗುತ್ತಾ?” ಎಂದು ನಗುತ್ತಾರೆ. ಅಂದಿನಿಂದ ಲಾಭ ಬಿಟ್ಟು, ಕೈಲಿರುವ ಹಣ ಎಷ್ಟು ದಿನಕ್ಕೆ ಎಂದು ಎಣಿಸತೊಡಗಿದರು.

ಎರಡು ವರ್ಷದ ಹಿಂದೊಂದು ಮುಂಜಾನೆ ಉತ್ತರ ನಾಲ್ಕಕ್ಕಿಳಿಯಿತು. ಸಂಬಳದ ದಿನಕ್ಕೆ ಇನ್ನೂ ಆರು ದಿನ. ಮಾಲೀಕರು ಪಕ್ಕಕ್ಕೆ ಕರೆದರು. “ಮುಂದೊಂದು ಒಂದು ಹಾಕಮ್ಮ, ಹದಿನಾಲ್ಕಾಗಲಿ. ಇಲ್ದಿದ್ರೆ ಎಲ್ರೂ ಬಿಟ್ಟು ಹೋಗ್ತಾರೆ” ಎಂದು ಅಂಗಲಾಚಿದರು.

ಲೆಕ್ಕದಕ್ಕ ನಾಲ್ಕೇ ಬರೆದರು. “ಹೆದರಿಕೆ ಇತ್ತು. ಆದ್ರೆ ಹನ್ನೊಂದು ಮನೆಯವರು ಅದನ್ನ ನೋಡ್ಕೊಂಡು ದಿನಸಿ ತರ್ತಾರೆ. ಸುಳ್ಳು ಬರೆದು ಐದನೇ ದಿನ ಯಾವ ಮುಖ ಇಟ್ಕೊಂಡು ಬರ್ಲಿ?”

ಯಾರೂ ಬಿಟ್ಟು ಹೋಗಲಿಲ್ಲ. ಗಾಡಿ ಓಡಿಸುವವನು ಹಲಗೆಯನ್ನು ದುರುಗುಟ್ಟಿ ನೋಡಿ, “ಅಕ್ಕ, ಯಾವ ಹೋಟೆಲ್ದು ಜಾಸ್ತಿ ಬಾಕಿ?” ಎಂದಷ್ಟೇ ಕೇಳಿದ. ಆ ಹೋಟೆಲಿನ ಇನ್ನೂರು ಹಾಸುಬಟ್ಟೆಗಳನ್ನು ತುಂಬಿಕೊಂಡು, ಇಸ್ತ್ರಿಯವರಿಬ್ಬರನ್ನು ಜೊತೆಗೆ ಕೂರಿಸಿಕೊಂಡು ಹೋಗಿ ಹಿಂಬಾಗಿಲಲ್ಲಿ ಗಾಡಿ ನಿಲ್ಲಿಸಿದ. ಬಾಕಿ ಚುಕ್ತಾ ಆಗುವವರೆಗೆ ಒಂದು ದಿಂಬಿನ ಕವರನ್ನೂ ಇಳಿಸಲಿಲ್ಲ. ಅತಿಥಿಗಳು ಬರುವ ಹೊತ್ತಿಗೆ ಬರಿಯ ಹಾಸಿಗೆ ತೋರಿಸುವುದುಂಟೇ? ಸಂಜೆಯೊಳಗೆ ಹಣ ಬಂತು. ಮರುದಿನದ ಅಂಕಿ ಹತ್ತೊಂಬತ್ತು. ಸಂಬಳ ಒಂದು ದಿನವೂ ತಡವಾಗಲಿಲ್ಲ.

ದೊಡ್ಡ ಡಿಗ್ರಿಯವರೂ ತಬ್ಬಿಬ್ಬಾಗುವ ವಿದ್ಯೆ ಇದು. ಅದನ್ನು ಕೊಳೆಬಟ್ಟೆಯ ಮೂಟೆಯ ಮುಂದೆ ಕೂತು ಕಲಿತ, ಹೆದರಿಕೊಂಡೇ ನಿಜ ಬರೆದ ಈ ಹೆಣ್ಣುಮಗಳ ಮುಂದೆ ತಲೆ ತಾನಾಗಿ ಬಾಗುತ್ತದೆ. ಅವರಿಗೆ ಈ ಹೊಗಳಿಕೆಯೆಲ್ಲ ಅತಿಯೆನಿಸುತ್ತದೆ. ಏನಾದರೂ ಆಸೆಯಿದೆಯೇ ಎಂದರೆ ಸೀಮೆಸುಣ್ಣದ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾರೆ.

“ಒಂದೇ ಒಂದ್ಸಲ ನೂರು ಅಂತ ಬರೀಬೇಕು. ಬರೆದು, ಮಾರನೇ ದಿನ ರಜಾ ಹಾಕಿ ಕಣ್ತುಂಬ ನಿದ್ದೆ ಮಾಡ್ಬೇಕು.” ಮತ್ತೆ ಹಲಗೆಯತ್ತ ತಿರುಗುತ್ತಾರೆ. “ಇಲ್ಲ ಬಿಡಿ. ನಾನು ರಜಾ ಹಾಕಿದ ದಿನ ಅದು ತೊಂಬತ್ತೊಂಬತ್ತಾಗಿದ್ರೆ, ಹಲಗೆ ಮೇಲೆ ಬರೆಯೋರು ಯಾರು?”