ಬಾಯಿ ತೆರೆದು ನಿಂತ ಅತ್ತೆ

ಅತ್ತೆ ತೀರಿಕೊಂಡು ಐದು ತಿಂಗಳಾಯಿತು. ಮಾತಾಡಿಸಲು ಬಂದ ಹೆಂಗಸರು ಎದುರು ಕುಳಿತು, ಕಣ್ಣಿಗೆ ಸೆರಗು ಹಚ್ಚಿ, "ಬಾಯಿ ಭಾಳ ಬಿರುಸಿತ್ತು ನೋಡವ್ವಾ, ಆದರ ಮನಸು ಬೆಣ್ಣಿ" ಎನ್ನುತ್ತಾರೆ. ಬಾಯಿ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ನನಗೆ ನಗು ಬರುತ್ತದೆ. ಸತ್ತವರ ಮನೆಯಲ್ಲಿ ಸೊಸೆ ನಕ್ಕರೆ ಹೇಗೆ? ಸೆರಗನ್ನು ಬಾಯಿಗೆ ಒತ್ತಿಕೊಳ್ಳುತ್ತೇನೆ. ಅಳು ತಡೆಯುತ್ತಿದ್ದಾಳೆ ಎಂದುಕೊಂಡು ಅವರು ನನ್ನ ಬೆನ್ನು ಸವರುತ್ತಾರೆ. ಅದೂ ಪೂರಾ ಸುಳ್ಳಲ್ಲ. ಆದರೆ ನಗು ಯಾತರದೆಂದು ಯಾರಿಗೂ ಹೇಳಿಲ್ಲ. ಏಳನೆಯ ತರಗತಿಯವರೆಗೆ ಓದಿದ್ದೇನೆ, ಇಷ್ಟು ಬರೆಯಲು ಅದು ಸಾಕು.

ನನ್ನ ತವರು ಯಡ್ರಾಮಿ. ಎಂಬತ್ತರ ದಶಕದ ಮೊದಲಿಗೆ ಮದುವೆಯಾಗಿ ಆಳಂದದ ಕಡೆಯ ಹಿರೋಳ್ಳಿಗೆ ಬಂದೆ. ಅತ್ತೆ ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು ಎದ್ದರೆಂದರೆ ನನಗೆ ಬೈಯುವ ಕೆಲಸ ಶುರುವಾಗುತ್ತಿತ್ತು. ರೊಟ್ಟಿ ದಪ್ಪವಾಯಿತೆಂದು, ಮರುದಿನ ತೆಳುವಾಯಿತೆಂದು, ಕೊಡ ಎತ್ತುವಾಗ ಉಸ್ ಅಂದೆನೆಂದು. ದ್ವೇಷವೇನೂ ಇರಲಿಲ್ಲ. ಕೆಲವರಿಗೆ ಊಟವಾದ ಮೇಲೆ ಎಲೆಯಡಿಕೆ ಬೇಕಲ್ಲ, ಅವರಿಗೆ ಬೈಗುಳ ಹಾಗೆ. ಹದಿನೆಂಟರ ವಯಸ್ಸಿನವಳಿಗೆ ಅದು ಹೇಗೆ ತಿಳಿಯಬೇಕು? ಕೊಟ್ಟಿಗೆಗೆ ಹೋಗಿ ಎಮ್ಮೆಯ ಕೊರಳಿಗೆ ಮುಖ ಹಚ್ಚಿ ಅಳುತ್ತಿದ್ದೆ. ಎಮ್ಮೆ ನನ್ನ ಸೆರಗು ಮೇಯುತ್ತಿತ್ತು. ಅದಕ್ಕೂ ಬೈಗುಳ ನನಗೇ.

ಎರಡನೆಯ ವರ್ಷ ಆಳಂದದ ತಗಡಿನ ಟಾಕೀಜಿಗೆ ಒಂದು ಪಿಚ್ಚರ್ ಬಂತು. ಅದಕ್ಕೊಂದು ಉದ್ದನೆಯ ಹೆಸರಿತ್ತು, ಯಾರೂ ಅದನ್ನು ಹೇಳಲಿಲ್ಲ. ಎಲ್ಲರಿಗೂ ಅದು "ಅತ್ತಿ ಪಿಚ್ಚರ್". ಒಂದು ವಾರಕ್ಕೆಂದು ಬಂದದ್ದು ತಿಂಗಳುಗಟ್ಟಲೆ ನಿಂತಿತು. ಹೆಂಗಸರಿಗೆಂದೇ ಮಧ್ಯಾಹ್ನದ ಆಟ ಶುರುಮಾಡಿದರು. ಸುತ್ತಲಿನ ಹಳ್ಳಿಗಳಿಂದ ಬಂಡಿ ಕಟ್ಟಿಕೊಂಡು ಬಂದರು, ತೊಗರಿ ಹೇರುವ ಟ್ರ್ಯಾಕ್ಟರಿನಲ್ಲಿ ನಿಂತುಕೊಂಡು ಬಂದರು. ಬಳೆಗಾರ ತನ್ನಲ್ಲಿದ್ದ ಹಳೆಯ ಹಸಿರು ಬಳೆಗಳಿಗೆ "ಸೊಸಿ ಬಳಿ" ಎಂದು ಹೆಸರಿಟ್ಟ, ಎರಡು ದಿನಕ್ಕೆ ಖಾಲಿಯಾದವು. ನಮ್ಮೂರಿನ ಒಬ್ಬ ರೈತ ಹೊಸದಾಗಿ ತಂದ ಹೋರಿ ಜೋಡಿಯನ್ನು ಅತ್ತಿ, ಸೊಸಿ ಎಂದು ಕರೆಯತೊಡಗಿದ. ಎರಡೂ ಗಂಡು ಎಂದು ಯಾರೋ ನೆನಪಿಸಿದರೆ, "ಇರ್ಲಿ ಬಿಡ್ರಿ, ಎಳಿಯೂದ ನೊಗಾ ಒಂದೇ ಅದಲಾ" ಅಂದನಂತೆ.

ಅತ್ತೆ ಮೊದಮೊದಲು ಮೂಗು ಮುರಿದರು. ಓಣಿಯ ಹೆಂಗಸರೆಲ್ಲ ನೋಡಿ ಬಂದು ನೀರಿನ ಹತ್ತಿರ ಅದನ್ನೇ ಆಡತೊಡಗಿದ ಮೇಲೆ ಒಂದು ದಿನ ಬುತ್ತಿ ಕಟ್ಟಲು ಹೇಳಿದರು. ಹತ್ತು ಹನ್ನೆರಡು ಹೆಂಗಸರು ಎರಡು ಬಂಡಿಯಲ್ಲಿ ಹೋದೆವು. ಬಾಗಿಲಲ್ಲಿ ಒಬ್ಬ ನಮ್ಮ ಚೀಟಿಗಳನ್ನು ಹರಿದು, ಅರ್ಧ ತಾನಿಟ್ಟುಕೊಂಡು ಅರ್ಧ ನಮಗೆ ಕೊಟ್ಟ.

ಕತೆ ಹೇಳಬೇಕೆಂದರೆ ಏನೂ ಇಲ್ಲ. ಒಬ್ಬ ಅತ್ತೆ, ಅವಳದೊಂದು ಬಾಯಿ, ಅಡುಗೆ ಮನೆಯಲ್ಲೊಬ್ಬ ಜಾಣ ಸೊಸೆ. ಪಿಚ್ಚರಿನ ಆ ಅತ್ತೆ ಬೈದಳೆಂದರೆ ತಗಡು ನಡುಗುತ್ತಿತ್ತು. ಕೊನೆಗೆ ಅವಳು ಮಾಳಿಗೆಯ ಅಂಚಿಗೆ ಬಂದು, ಅಂಗಳದಲ್ಲಿ ನಿಂತ ಸೊಸೆಗೆ ಕೈ ತೋರಿಸಿ, ಬಾಯಿ ತೆರೆದಳು. ಇಷ್ಟಗಲ. ತೆರೆದ ಬಾಯಿ ತೆರೆದ ಹಾಗೆಯೇ ನಿಂತುಬಿಟ್ಟಿತು. ಪರದೆಯೂ ನಿಂತಿತು. ಅದರ ಮೇಲೆ ಅಕ್ಷರ ಮೂಡಿದವು. ನಮ್ಮ ಬಂಡಿಯವರಲ್ಲಿ ಓದಲು ಬರುವವಳು ನಾನೊಬ್ಬಳೇ.

"ಏನ್ ಬರದಾರ?" ಎಂದರು ಅತ್ತೆ.

"ಉಳಿದದ್ದು ಎರಡನೇ ಭಾಗದಲ್ಲಿ ಅಂತ ಬರದಾರ್ರೀ."

"ಎರಡನೇ ಭಾಗ ಅಂದ್ರ ಇಂಟ್ರೋಲ್ ಆದಮ್ಯಾಲಿಂದು. ಕುಂದ್ರು."

"ಇಂಟ್ರೋಲ್ ಆಗ್ಯಾದಲ್ರೀ ಅತ್ತೀ, ಶೇಂಗಾ ತಿಂದೇವಲಾ."

"ಇನ್ನೊಂದ ಇಂಟ್ರೋಲ್ ಇರಬೇಕು. ಕುಂದ್ರಂದ್ರ ಕುಂದ್ರು."

ಕುಳಿತೆವು. ನಾವಷ್ಟೇ ಅಲ್ಲ, ಟಾಕೀಜಿನ ಅರ್ಧ ಜನ ಕುಳಿತೇ ಇದ್ದರು. ಕಸ ಹೊಡೆಯುವವನು ಬಂದು ನಮ್ಮ ಕಾಲ ಸುತ್ತ ಹೊಡೆದು ಹೋದ. ಕೊನೆಗೆ ಟಾಕೀಜಿನ ಸಾಹುಕಾರ ತಾನೇ ಬಂದ. ದಪ್ಪ ಹೊಟ್ಟೆಯ, ನಗುಮುಖದ ಮನುಷ್ಯ.

"ಮುಗೀತ್ರೀ ಅವ್ವಾರ, ಏಳ್ರಿ."

"ಎಲ್ಲಿ ಮುಗೀತು?" ಎಂದರು ಅತ್ತೆ. "ಅಕಿ ಬಾಯಿ ತಗದು ನಿಂತಾಳ. ಏನಂತಾಳ ಅಂತ ಹೇಳಾಕ ಬ್ಯಾಡೇನು?"

"ಅದು ಎರಡನೇ ಭಾಗದಾಗ ಬರ್ತದ. ಅದನ್ನ ಇನ್ನಾ ತಗ್ಯಾಕತ್ತಾರ್ರೀ."

"ತಗದಮ್ಯಾಲ ಕರೀಬೇಕಿತ್ತು! ಅರ್ಧಾ ಸೀರಿ ನೇಯ್ದು ಮಾರ್ತಾರೇನು ಯಾರರೆ?"

ಎಲ್ಲರೂ ನಕ್ಕರು, ಸಾಹುಕಾರನೂ ನಕ್ಕ. ಏಳಲೇಬೇಕಾಯಿತು. ಬಂಡಿ ಹತ್ತುವಾಗ ಅತ್ತೆಗೆ ಒಂದು ಹೊಳೆಯಿತು. ಸೆರಗಿನ ಗಂಟು ಬಿಚ್ಚಿ ಹರಿದ ಚೀಟಿ ಹೊರತೆಗೆದರು. "ಇದಕ್ಕಂತೇ ಅವ ಅರ್ಧಾ ಕೊಟ್ಟಾನ! ಅರ್ಧಾ ಪಿಚ್ಚರಿಗಿ ಅರ್ಧಾ ಚೀಟಿ ಇಸ್ಕೊಂಡ. ಉಳದ ಅರ್ಧಾ ಉಳದ ಪಿಚ್ಚರಿಗಿ. ಜ್ವಾಪಾನ ಇಡ್ರಿ ಎಲ್ಲಾರೂ." ಯಾರಿಗೂ ಇದರಲ್ಲಿ ತಪ್ಪು ಕಾಣಲಿಲ್ಲ. ನನಗೂ ಕಾಣಲಿಲ್ಲ, ಏಳನೆಯ ತರಗತಿ ಓದಿದವಳಿಗೆ.

ದಾರಿಯಲ್ಲಿ ಮಾತೆಲ್ಲ ಆ ಬಾಯಿಯದೇ. ಬಂಡಿಯಲ್ಲಿದ್ದ ಹಿರಿಯಳೊಬ್ಬಳು ಖಡಾಖಂಡಿತ ಹೇಳಿದಳು: "ಅಕಿ ಏನೂ ಅನ್ನಂಗಿಲ್ಲ. ಸೊಸೀಗಿ ಬೈದು ಬೈದು ದವಡಿ ಹಿಡದದ. ಶಿವ ನೋಡಲಾರದ ಇರ್ತಾನೇನು?"

ಅತ್ತೆ ತಮ್ಮ ದವಡೆಯನ್ನು ಒಮ್ಮೆ ಮುಟ್ಟಿ ನೋಡಿಕೊಂಡರು.

ಮರುದಿನ ನನ್ನ ಕೈಯಿಂದ ಹಾಲಿನ ಚರಿಗೆ ಜಾರಿ ಅಂಗಳದ ತುಂಬ ಹಾಲಾಯಿತು. ಅತ್ತೆ ಓಡಿ ಬಂದರು. ಕೈ ಎತ್ತಿದರು, ಬಾಯಿ ತೆರೆದರು. ತೆರೆದವರು ತಾವೇ ಹೌಹಾರಿ, ಎತ್ತಿದ ಕೈಯಿಂದಲೇ ಬಾಯಿ ಮುಚ್ಚಿಕೊಂಡು ಒಳಗೆ ಹೋದರು. ನಾನು ಬೈಗುಳಕ್ಕೆ ಕಾಯುತ್ತ ಹಾಲಿನ ನಡುವೆ ನಿಂತೇ ಇದ್ದೆ. ಆಮೇಲೆ ತಿಳಿಯಿತು, ಆಗಲೇ ಬೈಗುಳ ನಿಂತಿತೆಂದು. ಎರಡನೇ ಭಾಗ ಬಂದು ಆ ಬಾಯಿಗೆ ಏನಾಯಿತೆಂದು ತಿಳಿಯುವವರೆಗೆ ಅತ್ತೆ ಅಪಾಯಕ್ಕೆ ಕೈ ಹಾಕುವವರಲ್ಲ.

ಒಂದೂವರೆ ವರ್ಷ ಹೀಗೆ ನಡೆಯಿತು. ಸುತ್ತಿನ ಊರುಗಳೆಲ್ಲ ಎರಡನೇ ಭಾಗ ಯಾವಾಗ ಎಂದು ಕಾಯುತ್ತಿದ್ದವು. ಆಳಂದದ ಗೋಡೆಗಳ ಮೇಲೆ ತೆರೆದ ಬಾಯಿಯ ಪೋಸ್ಟರ್ ಬಣ್ಣ ಹಾರಿದರೂ ಉಳಿದಿತ್ತು. ಯಾರೋ ಆ ಬಾಯಿಯಲ್ಲಿ ಬೀಡಿ ಅಂಟಿಸಿದ್ದರು. ಚಹದಂಗಡಿಯಲ್ಲಿ ಗಂಡಸರು ಅವಳು ಏನನ್ನುತ್ತಾಳೆಂದು ಚಹದ ಪಂಥ ಕಟ್ಟುತ್ತಿದ್ದರು. ಸಾಹುಕಾರ ಮೊದಲ ಭಾಗವನ್ನೇ ಮತ್ತೆರಡು ಸಲ ತರಿಸಿದ, ಜನ ಮತ್ತೆ ನುಗ್ಗಿದರು. ಹೊಟ್ಟೆ ತುಂಬ ಉಂಡವನು ಕೈ ತೊಳೆದು ಮನೆಗೆ ಹೋಗುತ್ತಾನೆ, ತುತ್ತು ಬಾಯಿ ಹತ್ತಿರ ಬಂದು ನಿಂತರೆ ಯಾರು ಏಳುತ್ತಾರೆ? ಆ ಪಿಚ್ಚರ್ ತೆಗೆದವರಿಗೆ ಇದು ಚೆನ್ನಾಗಿ ಗೊತ್ತಿತ್ತು.

ಎರಡನೇ ಭಾಗ ಬರುವುದೇ ಬೇಡ ಎಂದು ಬೇಡಿಕೊಂಡವಳು ಇಡೀ ತಾಲ್ಲೂಕಿನಲ್ಲಿ ನಾನೊಬ್ಬಳೇ ಇರಬೇಕು. ಬೈಯುವಂತಿಲ್ಲವಾದ್ದರಿಂದ ಅತ್ತೆಗೆ ನನ್ನ ಜೊತೆ ಬೇರೆ ಏನಾದರೂ ಮಾತಾಡಬೇಕಾಯಿತು. ಮೊದಲು ಕಷ್ಟವಾಯಿತು ಅವರಿಗೆ. ಆಮೇಲೆ ತೊಗರಿ ಕೇರುತ್ತ ತಮ್ಮ ತವರಿನ ಸುದ್ದಿ ತೆಗೆದರು. ತಮ್ಮ ಅತ್ತೆ ತಮಗೆ ಬೈಯುತ್ತಿದ್ದುದನ್ನು ಅಣಕಿಸಿ ತೋರಿಸಿದರು. ಬೆಲ್ಲ ಕದ್ದು ತಿಂದು ನೆಲದೊಳಗೆ ಜೋಳ ತುಂಬುವ ಹಗೇವಿನಲ್ಲಿ ಅಡಗಿ ಕುಳಿತದ್ದನ್ನು ಹೇಳಿ, ನಗು ತಡೆಯದೆ ಮೊರ ಬೋರಲು ಹಾಕಿದರು. ಈಗ ಮನೆ ಸುಮ್ಮನಿದ್ದಾಗ ನನಗೆ ಕೇಳಿಸುವುದು ಆ ಒಂದೂವರೆ ವರ್ಷದ ಮಾತೇ.

ಪಂಚಮಿಗೆ ತವರಿಗೆ ಹೋದಾಗ ತಂಗಿ ಓಡಿ ಬಂದಳು. "ಅಕ್ಕಾ, ನಿಮ್ಮತ್ತಿ ಪಿಚ್ಚರ್ ಎರಡನೇ ಭಾಗ ಜೇವರ್ಗಿಗಿ ಬಂದದ. ನಡಿ!" ಬೇಡವೆಂದೆ. ರಾತ್ರಿಯೆಲ್ಲ ಹೊರಳಾಡಿ ಬೆಳಗ್ಗೆ ನಾನೇ ಅವಳನ್ನು ಎಬ್ಬಿಸಿ ಬಸ್ಸಿಗೆ ಕರೆದೊಯ್ದೆ. ಜೇವರ್ಗಿಯ ಟಾಕೀಜಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಪರದೆ ಬೆಳಗಿತು. ಅದೇ ಮಾಳಿಗೆ, ಅದೇ ಕೈ, ಅದೇ ತೆರೆದ ಬಾಯಿ. ಬಾಯಿ ಇನ್ನಷ್ಟು ತೆರೆಯಿತು, ಮೂಗು ಅರಳಿತು.

"ಆ... ಆ... ಆಕ್ಷೀ!"

ಸೀನು! ಅಷ್ಟೇ. ದವಡೆಯೂ ಹಿಡಿದಿರಲಿಲ್ಲ, ಶಿವನೂ ನೋಡಿರಲಿಲ್ಲ. ಅವಳು ಮೂಗು ಒರೆಸಿಕೊಂಡು, ಬಿಟ್ಟಲ್ಲಿಂದಲೇ ಸೊಸೆಗೆ ಬೈಯಲು ಶುರುಮಾಡಿದಳು. ಟಾಕೀಜಿಗೆ ಟಾಕೀಜೇ ಬಿದ್ದು ಬಿದ್ದು ನಗುತ್ತಿತ್ತು. ನನಗೆ ಅಳು ಬಂತು.

"ಯಾಕ ಅಳಾಕತ್ತೀ ಬೇ ಅಕ್ಕಾ? ಸೀನಿದ್ಳು ಅಷ್ಟೇ!"

"ಅದಕ್ಕೇ ಅಳಾಕತ್ತೇನಿ."

ಹಿರೋಳ್ಳಿಗೆ ಮರಳಿದಾಗ ಅತ್ತೆ ಹೊಸ್ತಿಲಲ್ಲೇ ಹಿಡಿದರು. "ಜೇವರ್ಗ್ಯಾಗ ಬಂದದಂತ, ಖರೇನ? ನೋಡಿದೇನು?"

"ಇಲ್ರೀ ಅತ್ತೀ. ಬಂದಿಲ್ರೀ."

ಹೊಸ್ತಿಲ ಮೇಲೆ ನಿಂತು ಸುಳ್ಳು ಹೇಳಿದೆ. ಆ ಪಿಚ್ಚರಿನ ರೀಲಿನ ಪೆಟ್ಟಿಗೆ ಜೇವರ್ಗಿಯಿಂದ ಅಫಜಲಪುರಕ್ಕೆ ಹೋಯಿತೆಂದು ಸುದ್ದಿ ಬಂತು. ಅಲ್ಲಿ ತಿಂಗಳುಗಟ್ಟಲೆ ಓಡಿತು. ಓಡಲಿ, ಅಲ್ಲೇ ಓಡಲಿ ಎಂದುಕೊಂಡೆ. ಪಂಚಮಿಯಾಗಿ ನಾಲ್ಕು ತಿಂಗಳಿಗೆ ಅದು ಆಳಂದಕ್ಕೆ ಬಂದೇ ಬಂತು.

ಅಂದು ಬಂಡಿ ನಾಲ್ಕಾಗಿದ್ದವು. ಬಾಗಿಲಲ್ಲಿ ನಮ್ಮ ಹೆಂಗಸರೆಲ್ಲ ಹಳೆಯ ಅರ್ಧ ಚೀಟಿ ಹಿಡಿದು ನಿಂತರು. ಕೆಲವರದು ಅರಿಸಿನ ಹತ್ತಿ ಹಳದಿಯಾಗಿತ್ತು, ಒಬ್ಬಳದನ್ನು ಇಲಿ ಕಡಿದಿತ್ತು. ಚೀಟಿ ಹರಿಯುವವನು ನಗಬೇಕೋ ಅಳಬೇಕೋ ತಿಳಿಯದೆ ಸಾಹುಕಾರನನ್ನು ಕರೆತಂದ.

"ಅವ್ವಾರ, ಇದು ಹ್ವಾದ ಪಿಚ್ಚರಿಂದ್ರೀ. ಚೀಟಿ ಎಲ್ಲಾದಕ್ಕೂ ಹರೀತೇವಿ."

"ತಮ್ಮಾ," ಎಂದರು ಅತ್ತೆ, ಎಷ್ಟು ಮೃದುವಾಗಿ, "ಅರ್ಧಾ ಪಿಚ್ಚರ್ ತೋರ್ಸಿದಿ, ಅರ್ಧಾ ಚೀಟಿ ಕೊಟ್ಟಿ. ಲೆಕ್ಕ ಬರೋಬ್ಬರಿ ಅದ. ಅರ್ಧಾ ತೋರ್ಸಿ ಪೂರಾ ರೊಕ್ಕ ಇಸ್ಕೊಂಡಿದ್ದಿ ಅಂದ್ರ ಮಾತ್ರ ಅದು ಬ್ಯಾರೆ ಮಾತು. ಹಂಗ ಮಾಡಿದ್ದೇನು?"

ಹಿಂದಿನಿಂದ ನೂಕುವ ಜನ ಸಿಳ್ಳೆ ಹೊಡೆದರು. ಸಾಹುಕಾರ ಬೆವರು ಒರೆಸಿಕೊಂಡ. "ಒಳಗ ಹೋಗ್ರೀ ತಾಯಿ. ಮೂರನೇ ಭಾಗ ಬಂದ್ರ ನಾ ಚೀಟೀನೇ ಹರಿಯಂಗಿಲ್ಲ."

ನಾವೆಲ್ಲ ಎದುರಿಗೆ ನೆಲದ ಮೇಲೆ ಕುಳಿತೆವು. ಅತ್ತೆ ನನ್ನ ಮುಂಗೈ ಹಿಡಿದಿದ್ದರು. ಪರದೆಯ ಮೇಲೆ ಬಾಯಿ ಬಂತು. ತಗಡಿನ ಟಾಕೀಜಿನಲ್ಲಿ ಉಸಿರಿನ ಸದ್ದಿಲ್ಲ. ಒಂದೂವರೆ ವರ್ಷದಿಂದ ಕಾದ ಜನ. ಪರದೆಯ ಮೇಲೆ ಮೂಗು ಸ್ವಲ್ಪ ಅರಳಿತೋ ಇಲ್ಲವೋ, ಆ ಮೌನದೊಳಗೆ ಒಬ್ಬಳು ಕಿಸಕ್ಕನೆ ನಕ್ಕಳು.

ನಾನೇ.

ಆಮೇಲೆ ಸೀನು ಬಂತು. ಚಪ್ಪಾಳೆ, ಸಿಳ್ಳೆ, ಪರದೆಗೆ ತೂರಿದ ಚಿಲ್ಲರೆ, ಏನೆಲ್ಲ. ಅತ್ತೆ ಪರದೆ ನೋಡುತ್ತಿರಲಿಲ್ಲ. ನನ್ನನ್ನೇ ನೋಡುತ್ತಿದ್ದರು. ಮುಂಗೈ ಬಿಟ್ಟರು.

ಮರುದಿನ ಬೆಳಗ್ಗೆ ನಾನು ರೊಟ್ಟಿ ಬಡಿಯುತ್ತಿದ್ದಾಗ ಲಿಂಗಪೂಜೆ ಮುಗಿಸಿ ಬಂದು ಒಲೆಯ ಎದುರು ಕುಳಿತರು.

"ಎಲ್ಲಿ ನೋಡಿದಿ?"

"ಜೇವರ್ಗ್ಯಾಗ್ರೀ. ಪಂಚಮ್ಯಾಗ."

ಬೆರಳು ಮಡಿಚಿದರು. "ನಾಕ ತಿಂಗಳು. ನಾಕ ತಿಂಗಳು ನಾ ಬಾಯಿ ಕಟ್ಟಿಕೊಂಡ ಕುಂತೇನಿ, ನೀ ಹೊಟ್ಟ್ಯಾಗ ನಕ್ಕೋತ ಅಡ್ಡಾಡಿದಿ."

"ತಪ್ಪಾತ್ರೀ."

"ತಪ್ಪಾತಂತ! ನಿಮ್ಮ ಯಡ್ರಾಮಿ ಮಂದೀನೇ..." ಕೈ ಎತ್ತಿದರು, ಬಾಯಿ ತೆರೆದರು. ಅಲ್ಲಿಗೆ ನಿಂತರು. ನಾನು ಕಾದೆ. ಅವರ ಮುಖದಲ್ಲಿ ಸಿಟ್ಟು ಹೋಗಿ ಗಾಬರಿ ಬಂತು.

"ಮುಂದ ಏನಂತಿದ್ದೆ ಬೇ ನಾ?"

"ಯಾವಾಗ್ರೀ?"

"ಮೊದಲ ಬೈತಿದ್ನಲಾ, ಆವಾಗ. ಯಡ್ರಾಮಿ ಮಂದೀಗಿ ಏನಂತಿದ್ದೆ? ಬಾಯಾಗ ಬರವಲ್ದು."

"ಉಪ್ಪ ಕಾಣದ ಮಂದಿ ಅಂತಿದ್ರಿ."

"ಹಾಂ! ಉಪ್ಪ ಕಾಣದ ಮಂದಿ. ಆಮ್ಯಾಲ?"

"ಆಮ್ಯಾಲ ನಮ್ಮಪ್ಪನ ಪಟಗಾಕ್ಕ ಬರ್ತಿದ್ರಿ. ಪಟಗಾ ಹತ್ತ ಮೊಳ, ಅದರೊಳಗ ತಲೀನೇ ಇಲ್ಲ ಅಂತ."

ಅತ್ತೆ ಅದನ್ನು ಹೇಳಲು ಹೋದರು. "ಪಟಗಾ ಹತ್ತ..." ಎಂದವರಿಗೆ ನಗು ಉಕ್ಕಿ ಮುಂದೆ ಹೋಗಲಾಗಲಿಲ್ಲ. ನನಗೂ ತಡೆಯಲಿಲ್ಲ. ಹಿಟ್ಟಿನ ಕೈ ಮೊಣಕಾಲಿಗೆ ಹಚ್ಚಿಕೊಂಡು ನಕ್ಕೆ. ಅವರು ಗೋಡೆಗೆ ಒರಗಿ, ಕಣ್ಣೀರು ಒರೆಸಿಕೊಳ್ಳುತ್ತ, "ಇಷ್ಟ ಛಲೋ ಬೈತಿದ್ನೇನ ಬೇ ನಾ?" ಎಂದರು.

ಅಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಕರ್ರಗಾಗಿ ಹೊಗೆ ಎದ್ದಿತು. ಅತ್ತೆ ಧಡಕ್ಕನೆ ಎದ್ದು ಅದನ್ನು ಬರಿಗೈಯಲ್ಲಿ ಎತ್ತಿ ಹಾಕಿ, ಬೆರಳು ಊದಿಕೊಳ್ಳುತ್ತ, ಯಾರೂ ಹೇಳಿಕೊಡದೆ, ನನ್ನತ್ತ ತಿರುಗಿ ಒಂದು ಹೊಚ್ಚಹೊಸ ಬೈಗುಳ ಬೈದರು. ಅದನ್ನು ಇಲ್ಲಿ ಬರೆಯುವಂತಿಲ್ಲ. ನಾನು "ಹೌದ್ರೀ" ಎಂದು ಮುಂದಿನ ರೊಟ್ಟಿ ಬಡಿಯಲು ಹಿಟ್ಟು ತೆಗೆದುಕೊಂಡೆ.