ಟ್ರೇಯಲ್ಲಿ ಉಳಿದ ಕೊನೆಯ ತುಂಡು

ಆರ್ಡಿಸ್ ಕಂಗಾಸ್ ಕಳೆದ ಶನಿವಾರ ಮಧ್ಯಾಹ್ನ ನಮ್ಮ ಚರ್ಚಿನ ನೆಲಮಾಳಿಗೆಯ ಅಡುಗೆಮನೆಯಲ್ಲಿ, ಸಿಂಕಿನ ಪಕ್ಕದ ಸ್ಟೂಲಿನ ಮೇಲೆ ಕೂತಲ್ಲೇ ತೀರಿಕೊಂಡಳು. ಅರವತ್ತೆಂಟು ವಯಸ್ಸು. ಹೃದಯ ನಿಂತಿತು ಎಂದು ಡಾಕ್ಟರು ಹೇಳಿದರು. ಅದಕ್ಕೂ ಅವಳು ಆ ದಿನ ತಿಂದದ್ದಕ್ಕೂ ಏನೂ ಸಂಬಂಧವಿಲ್ಲ ಎಂದೂ ಹೇಳಿದರು. ನಾನು ಎರಡು ಸಲ ಕೇಳಿದೆ. ಮಿನ್ನೆಸೋಟದ ಉತ್ತರದ ತುದಿಯಲ್ಲಿರುವ ನಮ್ಮೂರಿನಲ್ಲಿ ಮಾರ್ಚಿನ ಹೆಪ್ಪುಗಟ್ಟಿದ ನೆಲಕ್ಕೆ ಗುದ್ದಲಿ ಇಳಿಯುವುದಿಲ್ಲ, ಆದ್ದರಿಂದ ಅವಳನ್ನು ಮಣ್ಣು ಮಾಡುವುದು ಮೇ ತಿಂಗಳಲ್ಲಿ. ಅಲ್ಲಿಯವರೆಗೆ ಅವಳು ಕಾಯಬೇಕು. ಕಾಯುವುದು ಅವಳಿಗೆ ಹೊಸದಲ್ಲ. ಹೋದ ಸೆಪ್ಟೆಂಬರಿನಿಂದ ಜನವರಿಯವರೆಗೆ ಇನ್ನೂರ ಮೂವತ್ತಾರು ಪೌಂಡು ತೂಕದಲ್ಲಿ ಕಾದು ಕೂತಿದ್ದವಳು.

ಆರ್ಡಿಸ್ ಶಾಲೆಯ ಬಸ್ಸು ಓಡಿಸುತ್ತಿದ್ದಳು. ಈ ಊರಿನಲ್ಲಿ ಐವತ್ತರೊಳಗಿನ ಯಾರನ್ನು ಕಂಡರೂ ಅವರು ಯಾವ ಸೀಟಿನಲ್ಲಿ ಕೂರುತ್ತಿದ್ದರು, ಯಾವ ತಿರುವಿನಲ್ಲಿ ವಾಂತಿ ಮಾಡುತ್ತಿದ್ದರು ಎಂದು ಹೇಳಬಲ್ಲವಳಾಗಿದ್ದಳು, ಕೇಳದಿದ್ದರೂ ಹೇಳುತ್ತಿದ್ದಳು. ಮಂಜಿನ ರಸ್ತೆಯಲ್ಲಿ ಬ್ರೇಕು ತುಳಿದು ತುಳಿದು ಬಲಗಾಲಿನ ಮಂಡಿ ಸವೆದುಹೋಯಿತು. ನಿವೃತ್ತಿಯ ಹೊತ್ತಿಗೆ ಅವಳು ಚರ್ಚಿನ ನೆಲಮಾಳಿಗೆಗೆ ಹಿಮ್ಮುಖವಾಗಿ, ಎರಡೂ ಕೈಯಲ್ಲಿ ಮೆಟ್ಟಿಲಿನ ಕಂಬಿ ಹಿಡಿದು, ಬಸ್ಸನ್ನು ರಿವರ್ಸ್ ತೆಗೆಯುವವರ ಹಾಗೆ ಭುಜದ ಮೇಲಿಂದ ನೋಡಿಕೊಂಡು ಇಳಿಯುತ್ತಿದ್ದಳು.

ಹೋದ ವಸಂತದಲ್ಲಿ ನಾನೇ ಅವಳನ್ನು ಡುಲುತ್‌ನ ಮೂಳೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಅವರು ಮಂಡಿಯ ಚಿತ್ರ ನೋಡಿದರು, ಆಮೇಲೆ ಅವಳನ್ನು ನೋಡಿದರು.

"ಇನ್ನೂರ ಮೂವತ್ತಕ್ಕೆ ಇಳೀರಿ. ಹೊಸ ಮಂಡಿ ಹಾಕ್ತೀನಿ."

"ಇಳೀದಿದ್ರೆ?"

"ಹಳೇದರಲ್ಲೇ ಇರಿ."

ವಾಪಸು ಬರುತ್ತ ನಮ್ಮೂರಿನ ತಿರುವಿಗೆ ಬಂದಾಗ, "ಲೋಯಿಸ್, ಆ ಮನುಷ್ಯ ನನ್ನ ಬಸ್ಸಲ್ಲಿ ಬಂದಿದ್ರೆ ಕೊನೇ ಸೀಟಲ್ಲಿ ಕೂರಿಸ್ತಿದ್ದೆ," ಎಂದಳು.

ಡಾಕ್ಟರ ಮಾತಿಗಿಂತ ಅವಳಿಗೆ ನಾಟಿದ್ದು ಚರ್ಚಿನ ಸಮಿತಿಯ ಮಾತು. ನಮ್ಮಲ್ಲಿ ಯಾರಾದರೂ ತೀರಿಕೊಂಡರೆ ಪ್ರಾರ್ಥನೆಯ ನಂತರ ಎಲ್ಲರೂ ನೆಲಮಾಳಿಗೆಗೆ ಇಳಿದು ಊಟ ಮಾಡುತ್ತಾರೆ. ಹ್ಯಾಮ್ ಇಟ್ಟ ಬನ್ನು, ಆಲೂಗಡ್ಡೆಯ ಸಾಲಡ್, ಕಾಫಿ, ಟ್ರೇಯಲ್ಲಿ ಬೇಯಿಸಿ ಚೌಕವಾಗಿ ಕತ್ತರಿಸಿ ಮನೆಮನೆಯಿಂದ ತಂದ, ಬಾರು ಎನ್ನುವ ಸಿಹಿತಿಂಡಿಗಳು. ಅಡುಗೆಮನೆ ನೋಡಿಕೊಳ್ಳುವವರು ನಾಲ್ಕೈದು ಹೆಂಗಸರು. ಹೋದ ಸೆಪ್ಟೆಂಬರಿನಲ್ಲಿ, ಬಹಳ ಕಾಲದಿಂದ ಪಾತ್ರೆ ತೊಳೆಯುತ್ತಿದ್ದ ಹೆಂಗಸು ಅರಿಜೋನಾಕ್ಕೆ ಹೋಗಿ ನೆಲೆಸಿದಾಗ ಆರ್ಡಿಸ್‌ಗೆ ಸಿಂಕು ಸಿಕ್ಕಿತು. ನಮ್ಮಲ್ಲಿ ಸಿಂಕು ಸಿಗುವುದು ಎಂದರೆ ಸಣ್ಣ ಮಾತಲ್ಲ. ಜಾಗ ಖಾಲಿಯಾಗಲೆಂದು ಅವಳು ಹದಿನಾಲ್ಕು ವರ್ಷ ಒರೆಸುವ ಬಟ್ಟೆ ಹಿಡಿದು ಪಕ್ಕದಲ್ಲಿ ನಿಂತಿದ್ದವಳು. ಸಿಂಕು ಸಿಕ್ಕ ತಿಂಗಳಲ್ಲೇ ಸಮಿತಿಯವರು, ಅವಳು ಮೆಟ್ಟಿಲಿನಿಂದ ಬಿದ್ದರೆ ಯಾರು ಹೊಣೆ ಎಂದು ತಕರಾರು ತೆಗೆದರು. ಈಸ್ಟರ್‌ವರೆಗೆ ನೋಡೋಣ, ಆಮೇಲೆ ಹೊರಗಿನಿಂದ ಊಟ ತರಿಸಿ ಕಾಗದದ ತಟ್ಟೆಯಲ್ಲಿ ಬಡಿಸೋಣ ಎಂದರು.

"ಕಾಗದದ ತಟ್ಟೆ," ಎಂದು ಆರ್ಡಿಸ್ ಆ ವಾರವೆಲ್ಲ ಹೇಳಿಕೊಂಡು ತಿರುಗಿದಳು, ಯಾರೋ ಬೆತ್ತಲೆ ಬಂದಿದ್ದರು ಎನ್ನುವ ಧ್ವನಿಯಲ್ಲಿ. "ಈಸ್ಟರ್‌ಗೆ ಮುಂಚೆ ನಾನು ಮಂಡಿ ಹಾಕಿಸ್ಕೊಳ್ಳೋ ದಿನ ಬರೆಸ್ಕೊಂಡು ಬರ್ತೀನಿ. ಆಮೇಲೆ ನನ್ನ ಸಿಂಕಿಂದ ಯಾರು ಎಬ್ಬಿಸ್ತಾರೆ ನೋಡೋಣ."

ಡಾಕ್ಟರನ್ನು ನೋಡಿ ಬಂದ ವಾರವೇ ನಾವಿಬ್ಬರೂ ತೂಕ ಇಳಿಸುವವರ ಗುಂಪು ಸೇರಿದ್ದೆವು. ಪ್ರತಿ ಬುಧವಾರ ಬೆಳಿಗ್ಗೆ ಅಗ್ನಿಶಾಮಕ ಠಾಣೆಯ ಮೇಲಿನ ಕೋಣೆಯಲ್ಲಿ ಸೇರುತ್ತೇವೆ. ಗುಂಪಿನ ಯಜಮಾನಿ ಬೆವ್ ಒಬ್ಬೊಬ್ಬರನ್ನೇ ತೂಗಿ ಗಟ್ಟಿಯಾಗಿ ಹೇಳುತ್ತಾಳೆ. ಇಳಿದವರಿಗೆ ಚಪ್ಪಾಳೆ. ಏರಿದವರ ಬೆನ್ನು ಸವರುತ್ತಾರೆ. ಏರದೆ ಇಳಿಯದೆ ಇದ್ದವರ ಮುಂದೆ ಒಂದು ಮರದ ಆಮೆಯನ್ನು ಇಡುತ್ತಾರೆ, ಮುಂದಿನ ವಾರದವರೆಗೆ ಅದು ಅವರ ಮನೆಯಲ್ಲಿರಬೇಕು.

ಬೇಸಿಗೆಯಲ್ಲಿ ಆರ್ಡಿಸ್ ಬ್ರೆಡ್ಡು ಬಿಟ್ಟಳು, ಬೆಣ್ಣೆ ಬಿಟ್ಟಳು, ಕಾಫಿಗೆ ಕೆನೆ ಬಿಟ್ಟಳು, ವಾರವಾರವೂ ಇಳಿದಳು. ಸೆಪ್ಟೆಂಬರಿನ ಕೊನೆಗೆ ಇನ್ನೂರ ಮೂವತ್ತಾರರಲ್ಲಿ ಸೂಜಿ ನಿಂತಿತು. ಅಕ್ಟೋಬರಿನಲ್ಲಿ ಆಮೆ ಅವಳ ಮನೆಗೆ ಹೋಯಿತು. ನವೆಂಬರಿನಲ್ಲಿ ಅದಕ್ಕೆ ಚಳಿಯಾಗುತ್ತದೆ ಎಂದು ಉಣ್ಣೆಯ ಟೋಪಿ ಹೆಣೆದಳು. ಡಿಸೆಂಬರಿನಲ್ಲಿ ಟೋಪಿ ಕೊಳೆಯಾಯಿತೆಂದು ಇನ್ನೊಂದು ಹೆಣೆದಳು.

"ನೀರು," ಎಂದಳು ಬೆವ್. "ನಿನ್ನ ಮೈಯಲ್ಲಿ ನೀರು ನಿಂತಿದೆ."

ಆರ್ಡಿಸ್ ಮಂಗಳವಾರ ರಾತ್ರಿಗಳಲ್ಲಿ ತನ್ನ ಹಿತ್ತಲಿನ ಸೌನಾದಲ್ಲಿ, ಬಿಸಿ ಆವಿಯ ಸ್ನಾನದ ಕೋಣೆಯಲ್ಲಿ, ಕೂತು ಬೇಯತೊಡಗಿದಳು. ಅವಳ ಅಜ್ಜ ಫಿನ್‌ಲ್ಯಾಂಡಿನಿಂದ ಬಂದು ಮನೆಗಿಂತ ಮೊದಲು ಕಟ್ಟಿದ ಸೌನಾ ಅದು. ಬೆವರೇನೋ ಹರಿಯಿತು, ತೂಕ ಹರಿಯಲಿಲ್ಲ. ಓಲೆ ತೆಗೆದಿಟ್ಟು ತೂಗಿಸಿಕೊಂಡಳು. ಕೂದಲು ಕತ್ತರಿಸಿಕೊಂಡಳು. ಒಂದು ಬುಧವಾರ ಕಟ್ಟಿಸಿಕೊಂಡ ಹಲ್ಲಿನ ಸೆಟ್ಟನ್ನೂ ತೆಗೆದು ನನ್ನ ಕೈಗೆ ಕೊಟ್ಟು ಯಂತ್ರ ಹತ್ತಿದಳು.

"ಇನ್ನೂರ ಮೂವತ್ತಾರು," ಎಂದಳು ಬೆವ್.

ಹಲ್ಲಿಲ್ಲದ ಬಾಯಲ್ಲಿ ಆರ್ಡಿಸ್ ಏನೋ ಅಂದಳು. ಬೆವ್‌ಗೆ ಅರ್ಥವಾಗಲಿಲ್ಲ. ನನಗಾಯಿತು. ಇಲ್ಲಿ ಬರೆಯುವ ಹಾಗಿಲ್ಲ.

"ಕದ್ದು ತಿಂತಿದ್ದೀಯೇನೇ?" ಎಂದು ಕಾರಿನಲ್ಲಿ ಕೇಳಿದೆ.

"ನನ್ನ ಮನೇಲಿ ನಾನೊಬ್ಬಳೇ. ಯಾರಿಂದ ಕದೀಲಿ?"

ಅವಳು ಸುಳ್ಳು ಹೇಳುವವಳಲ್ಲ. ಅಂದೂ ಹೇಳಿರಲಿಲ್ಲ.

ಚಳಿಗಾಲದಲ್ಲಿ ನಮ್ಮಲ್ಲಿ ಸಾವು ಜಾಸ್ತಿ. ಜನವರಿಯಲ್ಲಿ ಒಂದೇ ವಾರ ಮೂರು ಊಟಗಳಾದವು. ಮೂರನೆಯದರಲ್ಲಿ ಒರೆಸುವವರು ಜ್ವರವೆಂದು ಬರದಿದ್ದರಿಂದ ಬಟ್ಟೆ ನನ್ನ ಕೈಗೆ ಬಂತು, ಆಮೇಲೆ ನನ್ನಲ್ಲೇ ಉಳಿಯಿತು. ಹಾಗಾಗಿ ಆರ್ಡಿಸ್ ತೊಳೆಯುವುದನ್ನು ನಾನು ಮೊದಲ ಸಲ ಹತ್ತಿರದಿಂದ ನೋಡಿದೆ.

ನಮ್ಮವರು ಯಾವುದರಲ್ಲೂ ಕೊನೆಯ ತುಂಡನ್ನು ಎತ್ತಿಕೊಳ್ಳುವುದಿಲ್ಲ. ಕೊನೆಗೊಂದು ಬಾರು ಉಳಿದರೆ ಯಾರೋ ಬಂದು ಅರ್ಧ ಕತ್ತರಿಸಿಕೊಂಡು ಹೋಗುತ್ತಾರೆ. ಇನ್ನೊಬ್ಬರು ಬಂದು ಆ ಅರ್ಧದಲ್ಲಿ ಅರ್ಧ. ಹಾಗೆ ಅಂಚೆಚೀಟಿಯಷ್ಟಾದ ಮೇಲೆ ಯಾರೂ ಮುಟ್ಟುವುದಿಲ್ಲ, ಅದು ಟ್ರೇಯಲ್ಲೇ ಅಡುಗೆಮನೆಗೆ ಬರುತ್ತದೆ. ಆರ್ಡಿಸ್ ಟ್ರೇಯನ್ನು ಎಡಗೈಯಲ್ಲಿ ಹಿಡಿದಳು, ಬಲಗೈಯಿಂದ ಆ ಚೂರನ್ನು ಬಾಯಿಗೆ ಹಾಕಿದಳು, ಟ್ರೇಯನ್ನು ನೀರಿಗೆ ಇಳಿಸಿದಳು. ಮುಂದಿನ ಟ್ರೇ. ಅದರಲ್ಲಿ ಎರಡು ಚೂರು, ಬಾಯಿಗೆ. ಅದರ ಮುಂದಿನದು ಹಾಟ್‌ಡಿಶ್, ಅಂದರೆ ಮಾಂಸ, ತರಕಾರಿ, ಚೀಸು ಸೇರಿಸಿ ಬೇಯಿಸಿದ ಅಡುಗೆಯ ಪಾತ್ರೆ. ಮೂಲೆಯಲ್ಲಿ ಅಂಟಿದ್ದ ಚೀಸಿನ ಹಕ್ಕಳೆಯನ್ನು ಚಮಚದಿಂದ ಎಬ್ಬಿಸಿ ಬಾಯಿಗೆ. ಕೈ ನಿಲ್ಲಲಿಲ್ಲ, ಮಾತೂ ನಿಲ್ಲಲಿಲ್ಲ. ಹೊಸ ಪಾದ್ರಿ ಪ್ರಸಂಗವನ್ನು ಎಷ್ಟು ಉದ್ದ ಎಳೆಯುತ್ತಾರೆ ಎಂದು ಹೇಳುತ್ತಿದ್ದಳು.

"ಆರ್ಡಿಸ್, ಏನು ತಿಂದೆ ಈಗ?"

"ಎಲ್ಲಿ?"

"ಈಗ. ಬಾಯಲ್ಲಿದೆಯಲ್ಲ."

ಅವಳು ಅಗಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. "ಇದು ತಿನ್ನೋದಲ್ಲ ಕಣೆ. ತೊಳೆಯೋದು."

"ಇಪ್ಪತ್ತು ಟ್ರೇ ಇದೆ ಇಲ್ಲಿ."

"ಅದಕ್ಕೆ? ಹಂಗೇ ಮನೆಗೆ ಕಳಿಸ್ಲಾ? ಟ್ರೇಲಿ ಚೂರು ಉಳಿದಿದ್ರೆ ಮಾಡಿದವಳು ಏನಂದ್ಕೋತಾಳೆ?"

ಅವಳು ಹೇಳುತ್ತಿದ್ದುದು ತನ್ನ ತಾಯಿಯ ವಿಷಯ ಎಂದು ನನಗೆ ಗೊತ್ತಿತ್ತು. ಆಕೆ ಈ ಊರಿಗೆ ಮದುವೆಯಾಗಿ ಬಂದ ಹೊಸತರಲ್ಲಿ ಚರ್ಚಿನ ಊಟಕ್ಕೆ ಹಾಲಿನಲ್ಲಿ ಬೇಯಿಸಿದ ಮೀನು ತಂದಿದ್ದರು. ಒಬ್ಬರೋ ಇಬ್ಬರೋ ಬಡಿಸಿಕೊಂಡರು. ಪಾತ್ರೆ ತುಂಬಿದ್ದ ಹಾಗೆಯೇ ಮನೆಗೆ ಹೋಯಿತು, ನಾಯಿ ತಿಂದಿತು. ಯಾರೂ ಒಂದು ಮಾತು ಆಡಿರಲಿಲ್ಲ. ಆಮೇಲೆ ಆಕೆ ಸಾಯುವವರೆಗೆ ಚರ್ಚಿಗೆ ತಂದದ್ದು ಬಾಯೊರೆಸುವ ಕಾಗದ ಮಾತ್ರ.

"ಕಸದ ಬುಟ್ಟಿಗೆ ಹಾಕು," ಎಂದೆ.

"ನೀನು ಹಾಕು ನೋಡೋಣ."

ನನಗೂ ಆಗಲಿಲ್ಲ. ನಾನೂ ಇದೇ ಊರಿನವಳು. ಹಾಗಾಗಿ ಚೂರುಗಳನ್ನು ನಾನು ತಿನ್ನುವುದು ಎಂದಾಯಿತು. ಅವಳು ಬಾಯಿ ಮುಚ್ಚಿಕೊಂಡು ತೊಳೆದಳು. ಬಾಯಿ ಮುಚ್ಚಿಕೊಂಡಿರುವುದು ಅವಳಿಗೆ ಹಸಿವಿಗಿಂತ ಕಷ್ಟವಾಯಿತು. ಎರಡು ವಾರದಲ್ಲಿ ಅವಳ ಸೂಜಿ ಅಲುಗಿತು, ಆಮೆ ಟೋಪಿಯ ಸಮೇತ ನನ್ನ ಮನೆಗೆ ಬಂತು. ನನ್ನ ಕಷ್ಟ ನೋಡಿ ಅಡುಗೆಮನೆಯ ಉಳಿದ ಹೆಂಗಸರೂ ಕೈಜೋಡಿಸಿದರು. ಅವರೂ ನಮ್ಮ ಗುಂಪಿನವರೇ. ಫೆಬ್ರವರಿಯ ಮೊದಲ ಬುಧವಾರ ಬೆವ್ ಎಲ್ಲರನ್ನೂ ತೂಗಿ ಮುಗಿಸಿ ಕನ್ನಡಕ ತೆಗೆದಳು.

"ಏನಾಗಿದೆ ಈ ಊರಿಗೆ? ಆರ್ಡಿಸ್ ಒಬ್ಬಳೇ ಇಳೀತಿದ್ದಾಳೆ, ಉಳಿದೋರೆಲ್ಲ ಏರ್ತಿದ್ದೀರಿ."

"ನೀರು," ಎಂದಳು ಆರ್ಡಿಸ್.

ಆಮೇಲೆ ಚೂರುಗಳನ್ನು ಒಂದು ಡಬ್ಬಿಗೆ ತುಂಬಿ ಹೊಸ ಪಾದ್ರಿಗೆ ಕೊಡುವ ವ್ಯವಸ್ಥೆಯಾಯಿತು. ಅವರು ಒಂಟಿ ಮನುಷ್ಯ, ಹೊರಗಿನವರು, ಉಳಿದದ್ದು ಎಂದು ಗೊತ್ತಾದರೂ ಬೇಸರಪಟ್ಟುಕೊಳ್ಳುತ್ತಿರಲಿಲ್ಲ. ಅವರ ಕಾಲರು ಬಿಗಿಯಾಯಿತು, ಪ್ರಸಂಗ ಸ್ವಲ್ಪ ಚಿಕ್ಕದಾಯಿತು. ಫೆಬ್ರವರಿಯ ಕೊನೆಗೆ ಆರ್ಡಿಸ್ ಇನ್ನೂರ ಇಪ್ಪತ್ತೊಂಬತ್ತಕ್ಕೆ ಇಳಿದಳು. ಚಪ್ಪಾಳೆಯ ನಡುವೆ ಯಂತ್ರದಿಂದ ಇಳಿಯದೆ ಅಲ್ಲೇ ನಿಂತಿದ್ದಳು. ಇಳಿದರೆ ಸೂಜಿ ಮನಸ್ಸು ಬದಲಾಯಿಸೀತು ಎಂದು ಅವಳಿಗೆ ಅನುಮಾನ. ಡುಲುತ್‌ನ ಡಾಕ್ಟರು ಏಪ್ರಿಲ್ ಮೊದಲ ವಾರಕ್ಕೆ ದಿನ ಕೊಟ್ಟರು. ಆ ಬೆಳಿಗ್ಗೆ ಮತ್ತೆ ತೂಗುತ್ತೇವೆ, ಒಂದು ಪೌಂಡು ಏರಿದ್ದರೂ ಹಿಂದಕ್ಕೆ ಕಳಿಸುತ್ತೇವೆ ಎಂದು ನರ್ಸು ಫೋನಿನಲ್ಲಿ ಎರಡೆರಡು ಬಾರಿ ಹೇಳಿದಳು. ಆರ್ಡಿಸ್ ಆ ದಿನಾಂಕವನ್ನು ಸಮಿತಿಯ ಅಧ್ಯಕ್ಷರಿಗೆ ದಿನಸಿ ಅಂಗಡಿಯಲ್ಲಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

ಕಳೆದ ಶನಿವಾರ, ತೀರಿಕೊಂಡಿದ್ದ ಹಾರ್ಡ್‌ವೇರ್ ಅಂಗಡಿಯ ಮುದುಕನ ಪ್ರಾರ್ಥನೆ ಇತ್ತು. ನಮ್ಮ ಚರ್ಚಿನ ಹಿರಿಯಾಕೆ ಇಂಪಿ ಲಾಹ್ತಿ ನಿಂಬೆಯ ಬಾರು ತಂದಿದ್ದರು. ಇಂಪಿಗೆ ತೊಂಬತ್ತೊಂದು, ಕಣ್ಣು ಈಗ ಅಷ್ಟಕ್ಕಷ್ಟೇ. ಸಕ್ಕರೆಯ ಡಬ್ಬಿಯ ಬದಲು ಉಪ್ಪಿನ ಡಬ್ಬಿಗೆ ಕೈ ಹೋಗಿತ್ತು. ಮೇಲೆ ಉದುರಿಸಿದ್ದು ಮಾತ್ರ ಸಕ್ಕರೆ, ನೋಡಲು ಎಂದಿನಂತೆಯೇ ಇತ್ತು. ಹತ್ತು ಹನ್ನೆರಡು ಜನ ಎತ್ತಿಕೊಂಡರು, ಕಚ್ಚಿದರು, ಕಾಗದದಲ್ಲಿ ಮುಚ್ಚಿ ಜೇಬಿಗಿಟ್ಟುಕೊಂಡರು. ಯಾರೂ ಏನೂ ಹೇಳಲಿಲ್ಲ. ಪಾದ್ರಿಯೂ ಹೇಳಲಿಲ್ಲ, ಅವರೂ ನಮ್ಮವರಾಗುತ್ತಿದ್ದಾರೆ.

ಅಡುಗೆಮನೆಗೆ ಬಂದಾಗ ಟ್ರೇ ಅರ್ಧಕ್ಕಿಂತ ಹೆಚ್ಚು ತುಂಬಿತ್ತು. ಆರ್ಡಿಸ್ ಒಂದು ಮೂಲೆ ಮುರಿದು ನಾಲಿಗೆಗೆ ಮುಟ್ಟಿಸಿದಳು.

"ಓಹ್," ಎಂದಳು.

"ಪಾದ್ರಿಗೂ ಕೊಡೋ ಹಾಗಿಲ್ಲ," ಎಂದೆ.

"ನನ್ನ ಚೀಲ ತಗೊಂಡು ಬಾ."

ಚೀಲದಲ್ಲಿ ಅವಳ ಊಟದ ಡಬ್ಬಿ ಇತ್ತು. ಅದರಲ್ಲಿದ್ದ ಕ್ಯಾರೆಟ್ಟನ್ನು ಸಿಂಕಿಗೆ ಸುರಿದು ಬಾರುಗಳನ್ನು ಒತ್ತಿ ಒತ್ತಿ ತುಂಬಿದಳು. ಮುಚ್ಚಳ ಹಾಕಿದ ಮೇಲೂ ಒಂದು ಉಳಿಯಿತು. ಅಂಚೆಚೀಟಿಯಷ್ಟಲ್ಲ, ಇಡೀ ತುಂಡು. ಅದನ್ನು ಎಲ್ಲಿಡುವುದು ಎಂದು ನೋಡುತ್ತಿರುವಾಗಲೇ ಮೆಟ್ಟಿಲಿನ ಮೇಲೆ ಕೋಲಿನ ಸದ್ದಾಯಿತು. ಇಂಪಿ ಕೋಟು ಹಾಕಿಕೊಂಡು ಬಾಗಿಲಿಗೆ ಬಂದು ನಿಂತರು.

"ನನ್ನ ಟ್ರೇ ಇದೆಯಾ ಆರ್ಡಿಸ್? ಏನಾದ್ರೂ ಉಳೀತಾ?"

ಡಬ್ಬಿ ಕಾಣದ ಹಾಗೆ ನಾನು ಅದರ ಮುಂದೆ ನಿಂತೆ. ಆ ತುಂಡು ಆರ್ಡಿಸ್‌ಳ ಕೈಯಲ್ಲಿತ್ತು. ಇಂಪಿಯ ಕಣ್ಣು ಎಷ್ಟು ಮಂಜಾಗಿದ್ದರೂ ತಾವು ಮಾಡಿದ ಬಾರನ್ನು ಗುರುತಿಸದಷ್ಟಲ್ಲ. ಆರ್ಡಿಸ್ ನನ್ನ ಕಡೆ ಒಮ್ಮೆ ನೋಡಿದಳು. ಆಮೇಲೆ ಇಡೀ ತುಂಡನ್ನು ಬಾಯಿಗೆ ಹಾಕಿಕೊಂಡಳು. ನಿಧಾನವಾಗಿ ಅಗಿದಳು. ನುಂಗಿದಳು.

"ಇದೇ ಕೊನೇದು ಇಂಪಿ. ಬೇರೆ ಯಾರಿಗಾದ್ರೂ ಇರ್ಲಿ ಅಂತ ನೋಡ್ದೆ. ತಡೆಯೋಕಾಗ್ಲಿಲ್ಲ."

"ಈ ಸಲ ಸ್ವಲ್ಪ ಒಣಗಿತ್ತೇನೋ."

"ಇಲ್ಲ. ಒಣಗಿರ್ಲಿಲ್ಲ."

"ನಿನ್ನ ಆಪರೇಷನ್ನಿಗೆ ಇನ್ನೊಂದು ಟ್ರೇ ಮಾಡಿ ಕಳಿಸ್ತೀನಿ."

"ಕಳಿಸಿ," ಎಂದಳು ಆರ್ಡಿಸ್.

ಟ್ರೇಯನ್ನು ತೊಳೆದು, ಒರೆಸಲು ನನಗೆ ಕೊಡದೆ ತಾನೇ ಒರೆಸಿ, ತಳದ ಟೇಪಿನ ಮೇಲಿನ ಹೆಸರು ಅಳಿಸಿಲ್ಲವೆಂದು ನೋಡಿ ಇಂಪಿಯ ಕೈಗೆ ಕೊಟ್ಟಳು. ಕೋಲಿನ ಸದ್ದು ಮೆಟ್ಟಿಲು ಹತ್ತಿ ಹೋಯಿತು. ಆಮೇಲೆ ನಾನು ಒಂದು ಲೋಟ ನೀರು ಹಿಡಿದುಕೊಟ್ಟೆ.

"ಅದೂ ತೊಳೆಯೋದೇನು?" ಎಂದೆ.

"ಅಲ್ಲ," ಎಂದಳು. "ಅದು ತಿಂದದ್ದೇ. ಬುಧವಾರ ಬೆವ್‌ಗೆ ನಾನೇ ಹೇಳ್ತೀನಿ."

ಲೋಟವನ್ನು ಪಕ್ಕಕ್ಕಿಟ್ಟು, ಸಿಂಕಿನಲ್ಲಿ ಬಿದ್ದಿದ್ದ ಕ್ಯಾರೆಟ್ಟು ತೆಗೆದಳು, ಸಿಂಕನ್ನು ಒಂದು ಹನಿ ನೀರೂ ಉಳಿಯದ ಹಾಗೆ ಒರೆಸಿದಳು, ಬಟ್ಟೆಯನ್ನು ಹಿಂಡಿ ನಾಲ್ಕು ಮಡಿಕೆ ಮಾಡಿ ನಲ್ಲಿಯ ಮೇಲೆ ಹಾಕಿದಳು, ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡು ಕೂತಳು.